ಹಲ್ಲಿನ ಹುಳ ತೆಗೆಯುವ ಮರೆವ್ವ

ಅಮಾವಾಸ್ಯೆಯ ದಿನ ನನ್ನ ಹಿಟ್ಟಿನ ಗಿರಣಿ ಬಂದ್. ಆದರೂ ಗಿರಣಿಯ ಮುಂದಿನ ಕಟ್ಟೆ ಅವತ್ತೇ ತುಂಬಿರುತ್ತಿತ್ತು. ಕೆನ್ನೆಗೆ ಕೈ ಹಚ್ಚಿಕೊಂಡವರು, ಕಿವಿಯ ಮೇಲೆ ಟವೆಲ್ಲು ಬಿಗಿದುಕೊಂಡವರು, ಮನೆಯವರ ಮೇಲಿನ ಸಿಟ್ಟನ್ನೆಲ್ಲ ಹಲ್ಲಿನ ಮೇಲೆ ಹಾಕಿ ಅಳುವವರು, ಎಲ್ಲರೂ ಸಾಲಾಗಿ ಕೂತಿರುತ್ತಿದ್ದರು. ನಮ್ಮ ಶಲವಡಿಯವರಷ್ಟೇ ಅಲ್ಲ, ಯರಗುಪ್ಪಿಯಿಂದಲೂ ನವಲಗುಂದದ ಕಡೆಯಿಂದಲೂ ಬರುತ್ತಿದ್ದರು. ಅವರಿಗೆ ನನ್ನಿಂದ ಆಗಬೇಕಾದದ್ದೇನೂ ಇರಲಿಲ್ಲ. ಎದುರು ಮನೆಯ ಮರೆವ್ವ ಹಲ್ಲಿನ ಹುಳ ತೆಗೆಯುತ್ತಿದ್ದಳು, ಅದಕ್ಕೆ ಬರುತ್ತಿದ್ದರು.

ನಾನು ಗೌರೀಶ. ದಿನವಿಡೀ ಗಿರಣಿಯ ಸದ್ದಿನಲ್ಲಿ ಇರುವುದರಿಂದ ನನ್ನ ದನಿ ದೊಡ್ಡದು. ದನಿಗಿಂತ ಬಾಯಿ ದೊಡ್ಡದು ಎಂದು ನನ್ನ ಹೆಂಡತಿ ನಂದಾ ಹೇಳುತ್ತಾಳೆ. ಮರೆವ್ವನ ವಿದ್ಯೆಯನ್ನು ನಾನು ಆಡಿಕೊಂಡಷ್ಟು ಊರಲ್ಲಿ ಯಾರೂ ಆಡಿಕೊಂಡಿಲ್ಲ.

“ಏನಬೇ ಮರೆವ್ವಾ, ಇವತ್ತ ಎಷ್ಟ ಹುಳಾ ಬಿದ್ದೂ? ನೀ ನಾಕ ಕೋಳಿ ಸಾಕಬೇಕಿತ್ತ ನೋಡು” ಎನ್ನುತ್ತಿದ್ದೆ.

“ನಿನ್ನ ಬಾಯಾಗಿನ ಹುಳಾ ತಗಿಯಾಕ ಕುಂತ್ರ ನನ್ನ ಬೀಜ ಸಾಲಂಗಿಲ್ಲೋ ಗೌರೀಶ” ಎಂದು ಅವಳೂ ಬಿಡುತ್ತಿರಲಿಲ್ಲ.

ಅರವತ್ತು ದಾಟಿದ, ಎತ್ತರದ, ಗಟ್ಟಿ ಮೈಯ ಹೆಂಗಸು. ಮಗ ಸೊಸೆಯ ಜೊತೆ ಈಗಲೂ ಹೊಲಕ್ಕೆ ಹೋಗಿ ಕಳೆ ತೆಗೆಯುತ್ತಾಳೆ, ಮೆಣಸಿನಕಾಯಿ ಬಿಡಿಸುತ್ತಾಳೆ. ಹುಳ ತೆಗೆಯುವ ಕೆಲಸ ಅವಳ ಅವ್ವನಿಂದ ಬಂದದ್ದು. ತಾಟಿನಲ್ಲಿ ನೀರು ಹಾಕಿ ನಡುವೆ ಒಂದು ಕಲ್ಲು ಇಡುವುದು, ಕಲ್ಲಿನ ಮೇಲೆ ಕೆಂಪಗೆ ಕಾಸಿದ ಕುಡುಗೋಲಿನ ತುಂಡು. ಅದರ ಮೇಲೆ ಒಣಗಿದ ನೆಲಗುಳ್ಳದ ಬೀಜ ಉದುರಿಸಿ, ಮೇಲೊಂದಿಷ್ಟು ಕುಸುಬಿ ಎಣ್ಣೆ. ತಳದಲ್ಲಿ ತೂತು ಮಾಡಿದ ಮಡಿಕೆಯನ್ನು ಬೋರಲು ಹಾಕಿ, ಆ ತೂತಿಗೆ ಔಡಲದ, ಅಂದರೆ ಹರಳು ಗಿಡದ, ಟೊಳ್ಳು ದಂಟು ಸಿಕ್ಕಿಸಿದರೆ ಹೊಗೆ ನೆಟ್ಟಗೆ ನೋಯುವ ಹಲ್ಲಿಗೆ ಹೋಗುತ್ತಿತ್ತು. ಒಳಗೆ ಬೀಜ ಚಟಚಟ ಎನ್ನುವುದು, ರೋಗಿ ಜೊಲ್ಲು ಸುರಿಸುವುದು. ಕಡೆಗೆ ಮಡಿಕೆ ಎತ್ತಿದರೆ ತಾಟಿನ ನೀರಿನಲ್ಲಿ ಸಣ್ಣ ಸಣ್ಣ ಬಿಳಿ ಎಳೆಗಳು ತೇಲುತ್ತಿರುತ್ತಿದ್ದವು. “ನೋಡ, ಇಷ್ಟ ಇದ್ದೂ ನಿನ್ನ ಹಲ್ಲಾಗ” ಎಂದು ತೋರಿಸುತ್ತಿದ್ದಳು. ಅದನ್ನು ನೋಡಿಯೇ ಅರ್ಧ ನೋವು ಇಳಿದವರನ್ನು ನಾನು ಕಂಡಿದ್ದೇನೆ.

ಇದಕ್ಕೆ ಅವಳು ದುಡ್ಡು ಮುಟ್ಟುತ್ತಿರಲಿಲ್ಲ. ದುಡ್ಡು ಮುಟ್ಟಿದರೆ ವಿದ್ಯೆ ಹೋಗುತ್ತದೆಂದು ಅವ್ವ ಹೇಳಿದ್ದಳಂತೆ. ಗುಣವಾದವರು ಒಂದು ಸೇರು ಜೋಳ ತಂದುಕೊಡಬೇಕು, ಅಷ್ಟೇ. ಇನ್ನೊಂದು ಕಟ್ಟು ಇತ್ತು: ತನ್ನ ಹಲ್ಲಿನ ಹುಳ ತಾನೇ ತೆಗೆಯುವಂತಿಲ್ಲ. ಅವಳಿಗೆ ಆ ಕಟ್ಟು ಎಂದೂ ಅಡ್ಡ ಬಂದಿರಲಿಲ್ಲ. ಅವಳ ಬಾಯಲ್ಲಿ ಎಲ್ಲ ಹಲ್ಲೂ ನೆಟ್ಟಗಿದ್ದವು. ಕಟಿ ರೊಟ್ಟಿಯನ್ನು ನೀರಿಗೆ ಅದ್ದದೆ ಹಾಗೇ ಕಡಿಯುತ್ತಿದ್ದಳು.

ಅವಳ ಹೆಸರನ್ನು ಹಳ್ಳಿ ಹಳ್ಳಿಗೆ ಮುಟ್ಟಿಸಿದವಳು ನಸೀಮಾಬಿ. ಬಳೆ ಮಾರುವವಳು, ಮರೆವ್ವನ ಜೀವದ ಗೆಳತಿ. ಇಬ್ಬರೂ ಹರೆಯದಲ್ಲಿ ಒಂದೇ ಹೊಲದಲ್ಲಿ ಕಳೆ ತೆಗೆದವರು. ನಸೀಮಾಬಿಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ. ಹೋದ ವರ್ಷ ಮಹಾನವಮಿ ಅಮಾವಾಸ್ಯೆಯ ಹೊತ್ತಿಗೆ ಅವಳ ದವಡೆ ಹಲ್ಲು ಎಂಥ ನೋವು ಕೊಟ್ಟಿತೆಂದರೆ, ಬಳೆ ಬುಟ್ಟಿ ಇಳಿಸಿ ನನ್ನ ಕಟ್ಟೆಯ ಮೇಲೆ ಹೊರಳಾಡಿಬಿಟ್ಟಳು. ಮರೆವ್ವ ಹುಳ ತೆಗೆದಳು. ಮುಂದೆ ಕೆಲವು ದಿನಗಳಲ್ಲಿ ನೋವು ಪೂರ್ತಿ ನಿಂತಿತು. ಜೋಳ ತಂದು ಮರೆವ್ವನ ಉಡಿಗೆ ಸುರಿದಳು. ಅಂದಿನಿಂದ ಯಾವ ಊರಲ್ಲಿ ಹೆಂಗಸರ ಕೈಗೆ ಬಳೆ ಇಡಲು ಕೂತರೂ ಅವಳದು ಮರೆವ್ವನ ಪುರಾಣವೇ.

ಇಷ್ಟೆಲ್ಲ ಹೆಸರಾದ ಮೇಲೆ ಬಂತು ಎಳ್ಳಮಾಸಿ, ಎಳ್ಳಿನ ಅಮಾವಾಸ್ಯೆ. ಹೊಲದಲ್ಲಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಬನ್ನಿಗಿಡದ ಕೆಳಗೆ ಎಲ್ಲರೂ ಊಟಕ್ಕೆ ಕೂತಿದ್ದೆವು. ಮರೆವ್ವ ಸಜ್ಜೆ ರೊಟ್ಟಿ ಕಡಿದವಳೇ “ಹಾ” ಎಂದು ಕೆನ್ನೆ ಹಿಡಿದಳು. ಎಲ್ಲರೂ ನಕ್ಕೆವು. ಹುಳ ತೆಗೆಯುವವಳಿಗೇ ಹುಳ ಹತ್ತಿತೆಂದು ಕೂಗಿದವನು ನಾನೇ.

ಅವಳು ನಗಲಿಲ್ಲ. ಲವಂಗ ಕಚ್ಚಿ ನೋಡಿದಳು, ತಂಬಾಕಿನ ಎಸಳು ಇಟ್ಟು ನೋಡಿದಳು. ಯರಗುಪ್ಪಿಯಲ್ಲಿ ಹುಳ ತೆಗೆಯುವ ಇನ್ನೊಬ್ಬ ಮುದುಕಿ ಇದ್ದಳು, ವಿಚಾರಿಸಿದರೆ ಆಕೆ ತೀರಿಕೊಂಡಿದ್ದಳು. ಒಂದು ಮುಂಜಾನೆ ಗಿರಣಿ ಬಾಗಿಲು ತೆಗೆಯುತ್ತಿದ್ದೆ, ಮರೆವ್ವ ಎದುರಿಗೆ ಬಂದು ನಿಂತಳು. ಎಡಗೆನ್ನೆ ಬಾತು ಕಣ್ಣು ಅರ್ಧ ಮುಚ್ಚಿತ್ತು.

“ಅಣ್ಣಿಗೇರಿಗೆ ನಡಿ” ಎಂದಳು. ಬಾಯಿ ಸರಿಯಾಗಿ ತೆರೆಯುತ್ತಿರಲಿಲ್ಲ. “ಆದ್ರ ಒಂದ ಮಾತ. ಆ ಡಾಕ್ಟರಬಾಯಿ ನನ್ನ ಹಲ್ಲಾಗಿಂದ ಏನ ತಗೀತಾಳೋ ಅದನ್ನ ನಾ ಕಣ್ಣಿಲೆ ನೋಡಬೇಕು.”

ಅಣ್ಣಿಗೇರಿಯ ದೊಡ್ಡ ಗುಡಿಯ ಹಿಂದಿನ ಓಣಿಯಲ್ಲಿ ಸಮೀಕ್ಷಾ ಎಂಬ ಹುಡುಗಿ ಹಲ್ಲಿನ ದವಾಖಾನೆ ಇಟ್ಟಿದ್ದಾಳೆ. ಹುಡುಗಿ ಎಂದೆನಲ್ಲ, ಡಾಕ್ಟರು. ನನ್ನ ಕಣ್ಣಿಗೆ ಮೂವತ್ತರ ಒಳಗಿನವರೆಲ್ಲ ಹುಡುಗರೇ. ಆಕೆ ಬಾಯಿ ನೋಡಿ, ಹಲ್ಲಿನ ಫೋಟೋ ತೆಗೆದು, ಮೊದಲು ಬಾವು ಇಳಿಯಲೆಂದು ಗುಳಿಗೆ ಕೊಟ್ಟು, ವಾರ ಬಿಟ್ಟು ಬರಲು ಹೇಳಿದಳು. ಬಾವು ಇಳಿಯಿತು, ನೋವೂ ಇಳಿಯಿತು. ಸೊಸೆ ಇನ್ನು ಯಾಕೆ ಹೋಗಬೇಕೆಂದಳು. ಮರೆವ್ವ ಸೀರೆ ಬದಲಿಸಿ ನನ್ನ ಗಾಡಿಯ ಹಿಂದೆ ಹತ್ತಿ ಕೂತಳು. ಹುಳ ನೋಡದೆ ಬಿಡುವವಳಲ್ಲ.

ಕುರ್ಚಿಯಲ್ಲಿ ಒರಗಿದವಳು ಮೊದಲು ಕೇಳಿದ್ದೇ ಅದು.

“ತಾಟಿನ್ಯಾಗ ನೀರ ಇಟಗೋರೆವ್ವಾ. ಬಿದ್ದದ್ದು ಕಾಣಬೇಕು.”

ಸಮೀಕ್ಷಾ ನಗಲಿಲ್ಲ. ಅದಕ್ಕೇ ಆ ಹುಡುಗಿಯ ಮೇಲೆ ನನಗೆ ಗೌರವ ಬಂತು. ಹಲ್ಲಿನ ಫೋಟೋ ತೋರಿಸಿ ಹೇಳಿದಳು.

“ಇಲ್ಲಿ ನೋಡ್ರಿ ಅಮ್ಮಾ. ಹಲ್ಲು ಹೊರಗ ಗಟ್ಟಿ, ಒಳಗ ಟೊಳ್ಳು. ಆ ಟೊಳ್ಳಿನ್ಯಾಗ ನರ, ರಕ್ತ ಇರ್ತಾವ. ಬೇರಿನ ತುದೀತನಕಾ ಸಣ್ಣ ದಾರಿ ಅದ. ನಿಮ್ಮ ಹಲ್ಲಿಗೆ ಮ್ಯಾಲೆ ತೂತು ಬಿದ್ದು, ಕೊಳಕು ಒಳಗ ಇಳದದ. ನರ ಕೊಳತು ಕೀವಾಗಿ ಬೇರಿನ ಕೆಳಗ ಎಲುಬಿಗೆ ಹೋಗೇದ. ಈ ಕರೀ ನೆರಳು ಅದನ. ಹುಳಾ ಅಂತ ಇದರಾಗ ಎಲ್ಲೂ ಇಲ್ರಿ.”

“ಕಿತ್ತ ಒಗದ್ರ ಆಗಂಗಿಲ್ಲೇನ್ರಿ?” ಎಂದು ನಾನು ನಡುವೆ ಬಾಯಿ ಹಾಕಿದೆ.

“ಕೀಳಬಹುದ್ರಿ. ಆದ್ರ ಈ ಹಲ್ಲಿನ ಬೇರು ಇನ್ನೂ ಗಟ್ಟಿ ಅದ, ಉಳಸಲಿಕ್ಕೆ ಬರ್ತದ. ಮ್ಯಾಲಿಂದ ತೂತು ತಗದು, ಕೊಳತದ್ದನ್ನ ಸಣ್ಣ ಸೂಜಿಯಂಥಾದ್ರಿಂದ ಕೆರದು, ತೊಳದು, ಔಷಧ ಹಾಕಿ ಮುಚ್ಚತೀನಿ. ಮುಂದಿನ ಸಲ ಆ ದಾರಿ ತುಂಬತೀನಿ, ಆಮ್ಯಾಲೆ ಮ್ಯಾಲೊಂದು ಟೊಪ್ಪಿಗಿ ಕೂಡಸತೀನಿ. ಇದಕ್ಕ ರೂಟ್ ಕೆನಾಲ್ ಅಂತಾರ.”

ಮರೆವ್ವ ಬಹಳ ಹೊತ್ತು ಆ ಫೋಟೋ ನೋಡಿದಳು. ಆಮೇಲೆ, “ಹಗೇವು” ಎಂದಳು.

ನಮ್ಮ ಕಡೆ ಮೊದಲೆಲ್ಲ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ಇಡುತ್ತಿದ್ದರು. ಬಾಯಿ ಸಣ್ಣದು, ಒಳಗೆ ಆಳುದ್ದ ಕುಣಿ. ಮೇಲಿನ ಮುಚ್ಚಳ ಬಿರುಕು ಬಿಟ್ಟು ನೀರು ಇಳಿದರೆ ಒಳಗಿನ ಜೋಳ ಕೊಳೆಯುತ್ತದೆ. ಅಂಥ ಹಗೇವಿಗೆ ಗಾಳಿಯಾಡಿಸದೆ ಇಳಿದವರು ಸತ್ತದ್ದೂ ಉಂಟು. ಮರೆವ್ವ ಅದನ್ನೆಲ್ಲ ಹೇಳಿ, “ಹಗೇವು ಕೆಟ್ಟರ ಅದನ್ನ ಹಾಳ ಮಾಡಂಗಿಲ್ಲ. ಬಾಯಿ ತಗದು, ಕೊಳತದ್ದ ಹೊರಗ ಹಾಕಿ, ಒಣಗಿಸಿ, ಮತ್ತ ತುಂಬಿ, ಮಣ್ಣ ಮೆತ್ತಿ ಮುಚ್ಚತಾರ. ಇದೂ ಹಂಗ ಹೌದಿಲ್ಲೊ?” ಎಂದು ಕೇಳಿದಳು.

“ಅಗದಿ ಹಂಗನ್ರಿ ಅಮ್ಮಾ.”

“ಹಂಗಾರ ಮಾಡ್ರಿ. ಮುಚ್ಚಳ ಹಾಕೂತನಕಾ ನಾ ತಪ್ಪಸಂಗಿಲ್ಲ.”

ಸೂಜಿ ಚುಚ್ಚಿ ದವಡೆ ಜೋಮು ಹಿಡಿಸಿದಳು. ಕೊರೆಯುವ ಯಂತ್ರದ ಸದ್ದಿಗೆ ಗಿರಣಿಯವನಾದ ನನಗೇ ಮೈ ಜುಮ್ಮೆಂದಿತು. ಮರೆವ್ವ ಕಣ್ಣು ಕೂಡ ಮುಚ್ಚಲಿಲ್ಲ. ಸಣ್ಣ ಸೂಜಿ ಹೊರಬಂದಾಗೆಲ್ಲ ಅದರ ತುದಿಯಲ್ಲಿ ಏನಿದೆಯೆಂದು ನೋಡುತ್ತಿದ್ದಳು. ಅದಕ್ಕೆ ಅಂಟಿ ಬಂದದ್ದು ನಾರುವ ಕಪ್ಪು ಗಸಿ. ಬಿಳಿ ಎಳೆ ಒಂದೂ ಬರಲಿಲ್ಲ.

ಕೆಲಸ ಮುಗಿದ ಮೇಲೆ, ಅರ್ಧ ಜೋಮು ಹಿಡಿದ ಬಾಯಲ್ಲೇ ಕೇಳಿದಳು. “ಮತ್ತ, ಏನೂ ಮಾಡದ ನೋವು ತಾನ ನಿಂತದ್ದು? ಹಂಗ ನಿಂತಾವ್ರೆವ್ವಾ ಎಷ್ಟೋ ಮಂದೀವು.”

“ಅಲ್ಲೇ ಮಂದಿ ಮೋಸ ಹೋಗ್ತಾರ್ರಿ ಅಮ್ಮಾ. ನರ ಪೂರಾ ಸತ್ತ ಮ್ಯಾಲೆ ನೋವು ನಿಲ್ಲತದ. ಗುಣಾ ಆತು ಅಂತ ತಿಳೀತಾರ. ಒಳಗ ಕೀವು ಬೆಳಕೋತನ ಇರ್ತದ. ಒಮ್ಮೊಮ್ಮೆ ಒಸಡಿನ ಮ್ಯಾಲೆ ಸಣ್ಣ ಗುಳ್ಳಿ ಆಗಿ, ಒಡದು, ಮತ್ತ ಏಳತದ. ಸಕ್ಕರಿ ಕಾಯಿಲೆ ಇದ್ದವರಿಗಂತೂ ಜಲ್ದಿ ಹಬ್ಬತದ. ಗಂಟಲಿಗೆ ಇಳದ್ರ ಉಸಿರಿಗೇ ಕುತ್ತು.”

ಮರೆವ್ವನ ಮುಖ ಒಮ್ಮೆಲೇ ಇಳಿದುಹೋಯಿತು. ಯಾಕೆಂದು ನನಗೂ ತಿಳಿಯಿತು. ಹೋದ ವಾರ ನಸೀಮಾಬಿ ನನ್ನ ಗಿರಣಿಗೆ ಜೋಳ ಬೀಸಲು ತಂದಾಗ, ಒಸಡಿನ ಮೇಲೆ ಗುಳ್ಳೆ ಏಳುತ್ತದೆ, ಒಡೆದರೆ ಬಾಯಿ ಉಪ್ಪುಪ್ಪಾಗುತ್ತದೆ, ಉಷ್ಣ ಆಗಿರಬೇಕು ಎಂದು ಹೇಳಿದ್ದಳು. ಅಲ್ಲೇ ಇದ್ದ ಮರೆವ್ವ ಅವಳಿಗೆ ಮಜ್ಜಿಗೆ ಕುಡಿಯಲು ಹೇಳಿದ್ದಳು.

ಮರೆವ್ವ ಊರಿಗೆ ಬಂದು ಗಾಡಿ ಇಳಿದವಳೇ ಒಳಗೆ ಹೋಗಿ ಒಲೆ ಹಚ್ಚಿದಳು. ಕುಡುಗೋಲಿನ ತುಂಡು, ಮಡಿಕೆ, ತಾಟು, ದಂಟು ಎಲ್ಲವನ್ನೂ ಅಂಗಳಕ್ಕೆ ತಂದಳು. ಅವತ್ತು ಅಮಾವಾಸ್ಯೆಯೂ ಅಲ್ಲ, ರೋಗಿಯೂ ಇಲ್ಲ.

“ಏನ ಮಾಡತಿಬೇ?” ಎಂದೆ.

“ಸುಮ್ನ ನೋಡು.”

ಕಾದ ಕಬ್ಬಿಣದ ಮೇಲೆ ಬೀಜ ಉದುರಿಸಿ, ಎಣ್ಣೆ ಬಿಟ್ಟು, ಮಡಿಕೆ ಮುಚ್ಚಿದಳು. ದಂಟಿನ ತುದಿಯನ್ನು ಯಾರ ಬಾಯಿಗೂ ಇಡಲಿಲ್ಲ. ಹೊಗೆ ಬೇವಿನ ಗಿಡದ ಕಡೆ ಹೋಯಿತು. ಬೀಜ ಚಟಚಟ ಎಂದವು. ಸದ್ದು ನಿಂತ ಮೇಲೆ ಮಡಿಕೆ ಎತ್ತಿದಳು. ನೀರಿನಲ್ಲಿ ಬಿಳಿ ಎಳೆಗಳು ತೇಲುತ್ತಿದ್ದವು. ಯಾವಾಗಲೂ ಬೀಳುವಷ್ಟೇ ಬಿದ್ದಿದ್ದವು. ಒಂದನ್ನು ಬೆರಳ ತುದಿಗೆ ಎತ್ತಿಕೊಂಡು, ಇನ್ನೊಂದು ಕೈಯಿಂದ ಸುಡದ ಬೀಜವೊಂದನ್ನು ಉಗುರಿನಿಂದ ಬಿಡಿಸಿದಳು. ಒಳಗೆ ಮೊಳಕೆ ಸುರುಳಿಯಾಗಿ ಮಲಗಿತ್ತು. ಎರಡೂ ಒಂದೇ.

ಇಷ್ಟು ವರ್ಷ ಅವಳನ್ನು ಆಡಿಕೊಂಡ ನಾನು ಆಗ ಗೆದ್ದೆನೆಂದು ಕುಣಿಯಬೇಕಿತ್ತು. ಖರೆ ಹೇಳುತ್ತೇನೆ, ನನಗೆ ಅಳು ಬಂತು. ಅವಳು ಒಂದು ದಿನವೂ ಮೋಸ ಮಾಡಿರಲಿಲ್ಲ. ಅವ್ವ ಹೇಳಿದ್ದನ್ನು ನಂಬಿದ್ದಳು, ನಂಬಿದ್ದನ್ನು ಮಾಡಿದ್ದಳು. ಸಮಾಧಾನ ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಸೇರು ತುಂಬ ಜೋಳ ಅಳೆದು ಸೆರಗಿಗೆ ಹಾಕಿಕೊಂಡು ಹೊರಬಂದಳು.

“ನಸೀಮಾನ ಮನಿಗೆ ಹೋಗೂಣು, ನಡಿ.”

ನಸೀಮಾಬಿ ಅಂಗಳದಲ್ಲಿ ಬಳೆ ಇಡುತ್ತಾ ಕೂತಿದ್ದಳು. ಸುತ್ತ ಓಣಿಯ ಹೆಣ್ಣುಮಕ್ಕಳು. ಮಂದಿ ಇದ್ದಾರೆ, ಒಳಗೆ ಕರೆದು ಹೇಳು ಎಂದು ನಾನು ಮೆಲ್ಲಗೆ ಅಂದೆ.

“ಮಂದಿ ಮುಂದನ ತಗದೀನಿ. ಮಂದಿ ಮುಂದನ ಹೇಳತೀನಿ” ಎಂದಳು. ಜೋಳವನ್ನು ನಸೀಮಾಬಿಯ ಮುಂದೆ ಇಟ್ಟಳು. “ತಗೋಬೇ, ನಿನ್ನ ಜ್ವಾಳ.”

“ಇದ್ಯಾಕಬೇ? ನಾ ಕೊಟ್ಟದ್ದು ತಿರಗಿ ಯಾಕ?”

“ನಿನ್ನ ಹಲ್ಲಾಗಿಂದ ನಾ ಏನೂ ತಗದಿಲ್ಲ. ಅವು ಹುಳಾ ಅಲ್ಲ, ಬೀಜದಾಗಿನ ಮೊಳಕಿ. ಬಾಯಿ ಇಲ್ಲದನೂ ಬೀಳತಾವು. ಈಗ ನೋಡಿ ಬಂದೀನಿ. ಗೌರೀಶನೂ ನೋಡ್ಯಾನ.”

ಬಳೆ ಇಡಿಸಿಕೊಳ್ಳುತ್ತಿದ್ದ ಕೈಗಳು ಹಾಗೇ ನಿಂತವು. ನಸೀಮಾಬಿ ನಕ್ಕಳು. ಅವಳಿಗೆ ಅದು ಹುಡುಗಾಟವೆನಿಸಿತ್ತು.

“ಮತ್ತ ನನ್ನ ನೋವು ಹೋತಲ್ಲ?”

“ಹೋಗಿಲ್ಲ. ಹಲ್ಲ ಸತ್ತೈತಿ. ಅದಕ್ಕ ಒದರವಲ್ದು. ಒಳಗ ಕೊಳತ ಹಗೇವಾಗೈತಿ ನಿನ್ನ ದವಡಿ. ಆ ಗುಳ್ಳಿ ಉಷ್ಣದ್ದಲ್ಲ, ಕೀವು ಹೊರಗ ಬರೂ ಬಾಯಿ. ನಿನಗ ಸಕ್ಕರಿ ಬ್ಯಾರೆ ಐತಿ. ಗಂಟಲಿಗೆ ಇಳದ್ರ ಉಸಿರ ನಿಲ್ಲತೈತಂತ. ಏಳು, ಅಣ್ಣಿಗೇರಿಗೆ ಹೋಗೂಣು.”

ನಸೀಮಾಬಿಯ ನಗು ಮಾಯವಾಯಿತು. ಹೆದರಿಕೆಗಿಂತ ಮೊದಲು ಸಿಟ್ಟು ಬಂತು, ಆ ಸಿಟ್ಟು ನ್ಯಾಯದ್ದೇ ಆಗಿತ್ತು.

“ನಿನ್ನ ಹೆಸರ ಹೇಳಕೋತ ಊರೂರ ತಿರಗೀನಿ ನಾನು. ನನ್ನ ಮಾತ ಕೇಳಿ ಎಷ್ಟ ಮಂದಿ ನಿನ್ನ ಮನಿ ಬಾಗಲಕ ಬಂದ್ರು. ಈಗ ಅವರ ಮಾರಿ ಹೆಂಗ ನೋಡ್ಲಿ? ಹೋಗ, ನಾ ಎಲ್ಲೂ ಬರಂಗಿಲ್ಲ. ನನಗ ನೋವಿಲ್ಲ.”

“ಬೈ. ಎಷ್ಟ ಬೇಕಾದ್ರೂ ಬೈ. ಆದ್ರ ನೀ ಏಳೂತನಕಾ ನಾ ಏಳಂಗಿಲ್ಲ.”

ಹೇಳಿದವಳೇ ಹೊಸ್ತಿಲ ಮೇಲೆ ಕೂತುಬಿಟ್ಟಳು. ನಸೀಮಾಬಿ ಒಳಗೆ ಹೋಗಿ ಅಡಿಗೆ ಮಾಡಿದಳು, ಇವಳು ಕದಲಲಿಲ್ಲ. ನೀರು ತಂದಿಟ್ಟರೂ ಮುಟ್ಟಲಿಲ್ಲ. ಬಿಸಿಲು ಹೊಸ್ತಿಲಿಗೆ ಬಂತು. ಟಂಟಂ ಆಟೋ ಓಡಿಸುವ ನಸೀಮಾಬಿಯ ಮಗ ಇನಾಯತ್ ಊಟಕ್ಕೆ ಬಂದಾಗ ಮರೆವ್ವ ಅವನಿಗೂ ಎಲ್ಲವನ್ನೂ ಮೊದಲಿನಿಂದ ಹೇಳಿದಳು, ಒಂದು ಮಾತೂ ತನ್ನ ಕಡೆ ತಿರುಗಿಸಿಕೊಳ್ಳಲಿಲ್ಲ. ಇನಾಯತ್ ತಾಯಿಯ ಬಾಯಿ ತೆರೆಸಿ ಗುಳ್ಳೆ ನೋಡಿ, ಊಟ ಮಾಡದೆ ಟಂಟಂ ತಿರುಗಿಸಿದ.

ಹಿಂದಿನ ಸೀಟಿನಲ್ಲಿ ಇಬ್ಬರೂ ಹೆಂಗಸರು ಆ ಕಡೆ ಈ ಕಡೆ ಮುಖ ಮಾಡಿ ಕೂತರು. ನಾನು ಇನಾಯತನ ಪಕ್ಕದಲ್ಲಿ. ಸಮೀಕ್ಷಾ ಫೋಟೋ ತೆಗೆದು ನೋಡಿದಳು. ನೆರಳು ಮರೆವ್ವನದಕ್ಕಿಂತ ದೊಡ್ಡದಿತ್ತು. ಸಕ್ಕರೆಯೂ ಏರಿತ್ತು. ಇನ್ನೂ ತಡ ಮಾಡಿದ್ದರೆ ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಓಡಬೇಕಾಗುತ್ತಿತ್ತು ಎಂದಳು. ಅವತ್ತೇ ಹಲ್ಲಿಗೆ ದಾರಿ ಮಾಡಿ ಕೀವು ಹರಿಯಲು ಬಿಟ್ಟಳು. ಯಂತ್ರ ಶುರುವಾದಾಗ ನಸೀಮಾಬಿಯ ಕೈ ಗಾಳಿಯಲ್ಲಿ ಏನನ್ನೋ ಹುಡುಕಿತು. ಮರೆವ್ವ ತನ್ನ ಕೈ ಕೊಟ್ಟಳು. ಹಿಡಿದ ಹಿಡಿತಕ್ಕೆ ಮರೆವ್ವನ ಹಸಿರು ಬಳೆ ಒಂದು ಒಡೆಯಿತು. ಆದರೂ ಕುರ್ಚಿ ಇಳಿದ ಮೇಲೆ ನಸೀಮಾಬಿ ಮತ್ತೆ ಮುಖ ಆ ಕಡೆಗೇ ತಿರುಗಿಸಿದಳು.

ಮುಂದೆ ಊರು ತನಗೆ ಬೇಕಾದಂತೆ ಮಾತಾಡಿತು. ಡಾಕ್ಟರಬಾಯಿ ದುಡ್ಡು ಕೊಟ್ಟು ಮರೆವ್ವನನ್ನು ಒಳಗೆ ಹಾಕಿಕೊಂಡಿದ್ದಾಳೆ ಎಂದರು. ಮರೆವ್ವನಿಗೆ ಅರುಳುಮರುಳು ಎಂದರು. ಒಬ್ಬ ಪುಣ್ಯಾತ್ಮನಂತೂ ಚೀಲ ಹಿಡಿದುಕೊಂಡು ಬಂದು ತಾನು ಕೊಟ್ಟ ಸೇರು ಜೋಳ ವಾಪಸು ಕೇಳಿದ. ನಾನು ಅವನ ಮೇಲೆ ಏರಿ ಹೋದೆ. ಮರೆವ್ವ ನನ್ನನ್ನು ಸರಿಸಿ ಅಳೆದು ಕೊಟ್ಟಳು. ಅದು ಗೊತ್ತಾಗಿ ಇನ್ನೂ ಕೆಲವರು ಬಂದರು. ಅವರಿಗೂ ಕೊಟ್ಟಳು. ನಡುನಡುವೆ ಬಸ್ಸು ಹತ್ತಿ ಅಣ್ಣಿಗೇರಿಗೆ ಹೋಗಿ ಹಲ್ಲು ತುಂಬಿಸಿಕೊಂಡಳು, ಟೊಪ್ಪಿಗೆ ಕೂಡಿಸಿಕೊಂಡಳು. ಹೇಳಿದ ಒಂದು ದಿನವನ್ನೂ ತಪ್ಪಿಸಲಿಲ್ಲ. ಶಿವರಾತ್ರಿಯ ಮರುದಿನದ ಅಮಾವಾಸ್ಯೆಗೆ ಯರಗುಪ್ಪಿಯಿಂದ ಗಂಡ ಹೆಂಡತಿ ಬಂದರು. ಮರೆವ್ವ ಬಾಯಿ ತೆರೆಸಿ ನೋಡಿ, “ಇದು ನನ್ನ ಕೈಯಾಗಿಂದಲ್ಲ” ಎಂದು ಬಸ್ ಸ್ಟ್ಯಾಂಡಿನ ತನಕ ತಾನೇ ಕರೆದುಕೊಂಡು ಹೋಗಿ ಬಸ್ಸು ಹತ್ತಿಸಿ ಬಂದಳು. ಆ ಗಂಡಸು ದಾರಿಯುದ್ದಕ್ಕೂ ಬೈದನಂತೆ.

ನಸೀಮಾಬಿಯೂ ಅಣ್ಣಿಗೇರಿಗೆ ಮಗನ ಜೊತೆ ಹೋಗಿ ಬಂದು ಹಲ್ಲಿನ ಕೆಲಸ ಮುಗಿಸಿಕೊಂಡಳು. ನಮ್ಮ ಓಣಿಗೆ ಮಾತ್ರ ಬಳೆ ಬುಟ್ಟಿ ಬರಲಿಲ್ಲ. ಗಿರಣಿಗೆ ಜೋಳವನ್ನೂ ಇನಾಯತನ ಕೈಲೇ ಕಳಿಸುತ್ತಿದ್ದಳು. ಊರ ಮಂದಿಯ ಮಾತು ಮರೆವ್ವನಿಗೆ ತಟ್ಟಲಿಲ್ಲ. ಇದು ತಟ್ಟಿತು. ಒಡೆದ ಬಳೆಯ ಜಾಗ ಖಾಲಿ ಇಟ್ಟುಕೊಂಡೇ ತಿರುಗಿದಳು. ಬೇರೆ ಯಾರ ಹತ್ತಿರವೂ ಇಡಿಸಿಕೊಳ್ಳಲಿಲ್ಲ.

ಯುಗಾದಿ ಅಮಾವಾಸ್ಯೆ ಬಂತು. ಗಿರಣಿ ಬಂದ್, ಕಟ್ಟೆಯೂ ಖಾಲಿ. ಮರೆವ್ವ ಒಬ್ಬಳೇ ಅದರ ಮೇಲೆ ಕೂತು ಬೇವಿನ ಹೂವು ಬಿಡಿಸುತ್ತಿದ್ದಳು. ನಾನು ಬಾಗಿಲಲ್ಲಿ ಯಂತ್ರದ ಬೆಲ್ಟು ಒರೆಸುತ್ತಿದ್ದೆ. ಓಣಿಯ ತಿರುವಿನಲ್ಲಿ ನಸೀಮಾಬಿ ಕಂಡಳು. ಒಂದು ಕಂಕುಳಲ್ಲಿ ಬಳೆ ಬುಟ್ಟಿ, ಇನ್ನೊಂದು ಕೈಯಲ್ಲಿ ಗಂಟು. ನೆಟ್ಟಗೆ ಬಂದು ಗಂಟನ್ನು ಮರೆವ್ವನ ಮಡಿಲಲ್ಲಿ ಇಟ್ಟಳು. ಬಿಚ್ಚಿದರೆ ಜೋಳ.

“ಗಿರಣಿ ಇವತ್ತ ಬಂದ್ ಐತಿ” ಎಂದಳು ಮರೆವ್ವ, ತಲೆ ಎತ್ತದೆ.

“ಗಿರಣಿಗಲ್ಲ. ನಿನಗ.”

“ನಾ ಏನೂ ತಗದಿಲ್ಲಂತ ಹೇಳೀನಲ್ಲಬೇ.”

“ಆವತ್ತ ತಗದಿರಲಿಲ್ಲ. ನನ್ನ ಹೊಸ್ತಿಲದಾಗ ಕುಂತಿದ್ಯಲ್ಲ, ಆಗ ತಗದಿ” ಎಂದಳು ನಸೀಮಾಬಿ. “ಇಟಗೋ ಸುಮ್ನ. ಕೈ ಕೊಡು ಇಲ್ಲೆ.”

ದವಡೆ ಬಾತಾಗಲೂ, ಊರು ಬೈದಾಗಲೂ ಅಳದ ಮರೆವ್ವ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಇನ್ನೊಂದು ಕೈಯನ್ನು ಗೆಳತಿಯ ಮುಂದೆ ಚಾಚಿದಳು. ನಸೀಮಾಬಿ ಬುಟ್ಟಿಯೊಳಗಿಂದ ಹಸಿರು ಬಳೆ ಆರಿಸಿ, ಬೆರಳು ಒತ್ತಿ ಒತ್ತಿ, ಖಾಲಿ ಜಾಗಕ್ಕೆ ಏರಿಸಿದಳು.

ಆ ಜೋಳ ಎರಡು ದಿನ ಬಿಟ್ಟು ನನ್ನ ಗಿರಣಿಗೇ ಬಂತು. ನಾನೇ ಬೀಸಿ ಕೊಟ್ಟೆ. ಸಂಜೆ ಇಬ್ಬರೂ ನನ್ನ ಕಟ್ಟೆಯ ಮೇಲೆ ಕೂತು, ಅದರ ಕಟಿ ರೊಟ್ಟಿಯನ್ನು ನೀರಿಗೆ ಅದ್ದದೆ ಕಟಕಟ ಕಡಿಯುತ್ತಿದ್ದರು. ನನ್ನ ದೊಡ್ಡ ಬಾಯಿಗೂ ಒಂದು ತುಂಡು ಸಿಕ್ಕಿತು.